ಮರೆಸಿದ ಮೇಲಿನ ಮೊದಲ ಊಟ

ಇದನ್ನು ಬರೆಯುವಷ್ಟು ಬಲ್ಲವಳಲ್ಲ ನಾನು; ಬರೆದದ್ದು ತಪ್ಪೆನಿಸಿದರೆ ದಯವಿಟ್ಟು ಕ್ಷಮಿಸಿ.

ನನಗೆ ಎಚ್‌ಐವಿ ಇರುವುದನ್ನು ಆಸ್ಪತ್ರೆಯ ಗುಮಾಸ್ತನೊಬ್ಬ ನಮ್ಮ ರೊಟ್ಟಿ ಕೇಂದ್ರಕ್ಕೆ ಬಂದು ಹೇಳಿಬಿಟ್ಟ. ಜೊತೆಗೆ ಕೆಲಸ ಮಾಡುವ ನಾಲ್ವರು ಹೆಂಗಸರು ನನ್ನ ಒಲೆಯನ್ನು ಹಿತ್ತಲಿಗೆ ಹಾಕಿಸಿದರು. ಹೊರಬಿದ್ದ ಕಾಯಿಲೆಯ ಗುಟ್ಟನ್ನು ಕೇಳಿದವರಿಗೆ ಮರೆಸುವ ಕಾನೂನೊಂದಿದೆ; ನಾನು ಅರ್ಜಿ ಕೊಟ್ಟೆ. ಅದರಂತೆ ಸೋಮವಾರ ನಾಲ್ವರನ್ನೂ ಮರೆಸುವ ಕಚೇರಿಗೆ ಕರೆದೊಯ್ದು, ನನ್ನ ಗುಟ್ಟನ್ನಷ್ಟೇ ಅವರ ತಲೆಯಿಂದ ತೆಗೆದು, ತಲೆ ಸುತ್ತದಿರಲೆಂದು ಒಂದೊಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಮಂಗಳವಾರ ನನ್ನ ಒಲೆ ಮತ್ತೆ ಒಳಗೆ ಬಂತು; ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಉಣ್ಣಲು ಕೂತೆವು. ಒಲೆ ಹೊರಗೆ ಹಾಕಿಸುವುದರಲ್ಲಿ ಮುಂದಿದ್ದ ನೀಲಕ್ಕ ನಾನು ಬಡಿದ ರೊಟ್ಟಿಯನ್ನೇ ಮುರಿದುಕೊಂಡರು.

"ಎಷ್ಟು ತೆಳ್ಳಗ ಬಡದಿಯೇ ಕಸ್ತೂರಿ! ಅತ್ತಿ ಮ್ಯಾಲಿನ ಸಿಟ್ಟೆಲ್ಲಾ ಇದರ ಮ್ಯಾಲ ತೀರಿಸಿಕೊಂಡೀಯೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕು ಎಷ್ಟು ತಿಂಗಳಾಗಿತ್ತೋ.

ಉಳಿದವರು ಕೈ ತೊಳೆಯಲು ಎದ್ದಾಗ ನೀಲಕ್ಕ ನನ್ನ ಕಡೆ ನೀರು ಸರಿಸಿದರು.

"ಗುಳಗಿ ತಗೊಂಡಿಯೇನವ್ವಾ? ಹೊತ್ತಾತು."

ನಾನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದೆ. "ಅಕ್ಕಾ, ನಿಮಗ ನೆನಪೈತೇನ್ರಿ?"

"ಎಲ್ಲಾ ಐತಿ. ಮೊದಲ ನುಂಗು."

ಆ ಕಾನೂನು ಇಲ್ಲದಿದ್ದರೆ ನಾನಿನ್ನೂ ಹಿತ್ತಲಲ್ಲೇ ಇರುತ್ತಿದ್ದೆ. ಅದಕ್ಕೆ ದಿನವೂ ಕೈಮುಗಿಯುತ್ತೇನೆ. ನೆನಪು ಉಳಿದವರ ಹೆಸರನ್ನು ಕಚೇರಿಗೆ ತಿಳಿಸಬೇಕೆಂದೂ ಅದೇ ಕಾನೂನು ಹೇಳುತ್ತದೆ. ನಾನು ತಿಳಿಸಿಲ್ಲ, ತಿಳಿಸುವುದೂ ಇಲ್ಲ. ಎಲ್ಲ ನೆನಪಿದ್ದೂ ನೀಲಕ್ಕ ಆ ದಿನ ನನ್ನ ರೊಟ್ಟಿಗೆ ಕೈಹಾಕಿದ್ದು ಏಕೆ ಎಂಬುದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ.