ನಲವತ್ತೊಂದು ವ್ಯತ್ಯಾಸ

"ಈ ಸಾಲಲ್ಲಿ ಚೌಕಳಿ ಕೂಡಿಲ್ಲ ಮಗಳೇ," ಎಂದು ಟೈಲರ್ ಅಪ್ಪ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟಾಗ ಮಗಳ ಮುಖ ಕೆಂಪಾಯಿತು. ಊಟದ ಡಬ್ಬಿ ಕೊಟ್ಟು ಹೋಗಲು ಬಂದವನು ಪ್ರೊಫೆಸರ್ ಎದುರೇ ಬಾಯಿ ಹಾಕಿದ್ದ. ಪ್ರಯೋಗಾಲಯದೊಳಗೆ ಬರುವಾಗ ಸಂಕೋಚದಿಂದ ಕೊರಳಿನ ಅಳತೆ ಟೇಪನ್ನು ಜೇಬಿಗೆ ತುರುಕಿಕೊಂಡಿದ್ದ. ಅದರ ತುದಿ ಇನ್ನೂ ಹೊರಗೆ ನೇತಾಡುತ್ತಿತ್ತು.

"ಅಪ್ಪಾ, ಅದು ಬಟ್ಟೆಯಲ್ಲ. ಹತ್ತು ಕೆರೆಗಳ ಬಸವನಹುಳುಗಳ ಡಿಎನ್‌ಎ. ಒಂದು ಕೆರೆಯ ಹುಳುವಿಗೆ ಒಂದು ಸಾಲು, ಅದರ ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣ. ಈ ಹುಳು ಒಂದರಲ್ಲೇ ನಲವತ್ತೊಂದು ವ್ಯತ್ಯಾಸ. ಹೊಸ ಪ್ರಭೇದಾನೇ ಇರ್ಬೇಕು. ನಾಳೆ ವಿಜ್ಞಾನ ಪತ್ರಿಕೆಗೆ ಲೇಖನ ಕಳಿಸ್ತಿದೀವಿ."

"ಇರ್ಬಹುದಮ್ಮ. ಆದ್ರೆ ಇಲ್ಲೀವರೆಗೂ ಪಟ್ಟೆಗೆ ಪಟ್ಟೆ ಸರಿಯಾಗಿ ಕೂತಿದೆ. ಇಲ್ಲಿಂದಾಚೆ ಇಡೀ ಸಾಲು ಒಂದು ಮನೆ ಎಡಕ್ಕೆ ಜಾರಿದೆ, ನೋಡು."

ಅವಳು ನೋಡಿದಳು. ವಾರದಿಂದ ಎಣಿಕೆಯನ್ನೇ ನೋಡುತ್ತಿದ್ದವಳು ಚಿತ್ರವನ್ನು ನೋಡಿರಲೇ ಇಲ್ಲ. ಸಾಲುಗಳನ್ನು ಕೈಯಾರೆ ಹೊಂದಿಸುವಾಗ ಈ ಹುಳುವಿನಲ್ಲಿ ಇಲ್ಲದ ಒಂದು ಅಕ್ಷರದ ಜಾಗಕ್ಕೆ ಬಿಟ್ಟಿದ್ದ ಖಾಲಿ ಮನೆಯನ್ನು ತಾನೇ ಅಳಿಸಿಬಿಟ್ಟಿದ್ದಳು. ಅದನ್ನು ಮರಳಿ ಸೇರಿಸಿದಳು. ಸಾಲು ಸರಿದು ಬಣ್ಣಕ್ಕೆ ಬಣ್ಣ ಕೂಡಿತು. ನಲವತ್ತೊಂದು ಇದ್ದದ್ದು ಒಂದಕ್ಕಿಳಿಯಿತು.

ಪ್ರೊಫೆಸರ್ ನಿಟ್ಟುಸಿರು ಬಿಟ್ಟು, ತಮ್ಮ ಕುರ್ಚಿಯನ್ನೇ ಅವನ ಕಡೆ ಸರಿಸಿದರು. "ನಮ್ಮ ಮಾನ ಉಳಿಸಿದ್ರಿ. ಕೂತ್ಕೊಳ್ಳಿ ಸಾರ್. ನೀವೂ ಇದೇ ಕೆಲಸದಲ್ಲಿದೀರಾ?"

ಟೈಲರ್ ಟೇಪಿನ ತುದಿಯನ್ನು ಜೇಬಿನೊಳಗೆ ತಳ್ಳತೊಡಗಿದ. ಮಗಳು ಅವನ ಕೈ ಹಿಡಿದಳು.

"ನಮ್ಮಪ್ಪ ಟೈಲರ್, ಮೇಡಂ. ಇವರು ಹೊಲಿದ ಚೌಕಳಿ ಅಂಗೀಲಿ ಹೊಲಿಗೆ ಎಲ್ಲಿದೆ ಅಂತ ಯಾರಿಗೂ ಹುಡುಕೋಕಾಗಲ್ಲ."

ಟೈಲರ್ ಟೇಪನ್ನು ಹೊರಗೆಳೆದು ಕೊರಳಿಗೆ ಹಾಕಿಕೊಂಡು, ಕುರ್ಚಿಯಲ್ಲಿ ಕೂತ.