ಚಿಕ್ಕಪ್ಪನ ಗಿಟಾರಿನ ಒಡಕು ಸದ್ದು

ಹಳೇ ರೇಡಿಯೊ ಕಾದು, ವಾಲ್ವಿನ ಮೇಲಿನ ಧೂಳು ಸುಡುವ ವಾಸನೆ ಬಂದರೆ ಇವತ್ತಿಗೂ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ.

ಕೆ.ಆರ್. ನಗರದಲ್ಲಿ ಅಪ್ಪ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಒಂದು ಮಧ್ಯಾಹ್ನ ಚಿಕ್ಕಪ್ಪ ತನ್ನ ಗಿಟಾರನ್ನು ಆ ಸೆಟ್ಟಿನ ವಾಲ್ವ್ ಆಂಪ್ಲಿಫೈಯರಿಗೆ ಸಿಕ್ಕಿಸಿ, ವಾಲ್ಯೂಮ್ ಪೂರಾ ತಿರುಗಿಸಿ ತಂತಿ ಮೀಟಿದ. ಸ್ವರ ಒಡೆದು, ಕಬ್ಬಿನ ಗಾಣದ ಹಾಗೆ ಗುರುಗುಟ್ಟುತ್ತಾ ನನ್ನ ಎದೆಗೇ ಬಂದು ತಾಕಿತು.

"ಕಮ್ಮಿ ಮಾಡುದ್ರೆ ಈ ಸದ್ದು ಬರಾಕಿಲ್ಲ ಕಣವ್ವ," ಎಂದ.

ಅಪ್ಪ ಬಂದವರೇ ಸ್ವಿಚ್ಚು ಆರಿಸಿದರು. "ಒಡಕು ಸದ್ದು ಕೇಳುದ್ರೆ ಸೆಟ್ಟು ಕೆಟ್ಟೋಗದೆ ಅಂತಾರೆ ಕಣ್ಲಾ. ನನ್ ಒಟ್ಟೆ ಮೇಲೆ ಒಡೀತೀಯಾ?" ಎಂದು ಕಟಿಂಗ್ ಪ್ಲೇಯರಿನಲ್ಲಿ ಗಿಟಾರಿನ ಆರೂ ತಂತಿ ಕತ್ತರಿಸಿ ಹಾಕಿದರು. ಚಿಕ್ಕಪ್ಪ ತುಂಡಾದ ತಂತಿಗಳನ್ನು ಆಯ್ದುಕೊಂಡ.

ಸಂಜೆ ಪಕ್ಕದ ಹಳ್ಳಿಯ ಮದುವೆಮನೆಗೆ ಅಪ್ಪನ ಜೊತೆ ನಾನೂ ಹೋದೆ. ಹುಣಸೆಮರದ ತುದಿಗೆ ಹಾರ್ನ್ ಸ್ಪೀಕರ್ ಕಟ್ಟಿದ್ದಾಯಿತು.

"ಆಚೆ ಅಳ್ಳಿಗೂ ಕೇಳ್ಬೇಕು ಕಣಪ್ಪ," ಎಂದರು ಹೆಣ್ಣಿನ ತಂದೆ.

ಅಪ್ಪ ಅದೇ ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದರು. ರೆಕಾರ್ಡಿನ ಹಾಡು ಒಡೆದು ಗುರುಗುಟ್ಟಿತು.

"ಈಗ ಮದ್ವೆ ಮನೆ ಅನ್ನಂಗಾಯ್ತು ನೋಡು," ಎಂದು ಅವರು ಅಪ್ಪನ ಬೆನ್ನು ತಟ್ಟಿದರು. ಅಪ್ಪ ನಕ್ಕರು.

ಅಪ್ಪ ಊಟಕ್ಕೆ ಕರೆದಾಗ ನಾನು ಆಂಪ್ಲಿಫೈಯರಿನ ಪಕ್ಕ ಕೂತಲ್ಲಿಂದ ಏಳಲಿಲ್ಲ.

"ಕಟಿಂಗ್ ಪ್ಲೇಯರ್ ಎಲ್ಲಪ್ಪ?" ಎಂದು ಕೇಳಿದೆ.