ಮೊದಲ ಬೆಳೆಯ ಗೂಡು

ಎರಡನೇ ಏಟಿಗೂ ಭಾನುಪ್ರಕಾಶ್ ಸಾಯಲಿಲ್ಲ. ಲೆನ್ಸು ನಿಲ್ಲಿಸುವ ಉಕ್ಕಿನ ಕಂಬಿ ತಲೆಗೆ ಬಡಿದು ಕಿವಿಯ ಮೇಲಿಂದ ರಕ್ತ ಸುರಿಯುತ್ತಿದ್ದರೂ ಆತ ಮೇಜು ಹಿಡಿದು ಎದ್ದ. ಒಡೆದ ರೇಷ್ಮೆ ಗೂಡುಗಳ ತಟ್ಟೆಯ ಮೇಲೆ ಕೈಯೂರಿದ. ತಟ್ಟೆ ಮಗುಚಿತು. ಅದೇ ಕೈಯಿಂದ ಚೈತನ್ಯನ ಕತ್ತು ಹಿಸುಕಿದ. ಅರವತ್ತಕ್ಕೆ ಹತ್ತಿರವಾದ ಮನುಷ್ಯನಿಗೆ ಅಷ್ಟು ಬಲ ಎಲ್ಲಿಂದ ಬಂತೋ, ಚೈತನ್ಯನಿಗೆ ಕಣ್ಣು ಕತ್ತಲೆ ಬಂತು. ಮೂರನೇ ಏಟು ಹಣೆಗೆ ಬಿತ್ತು. ಕೈ ಸಡಿಲವಾಯಿತು. ಅಲ್ಲಿಗೆ ಮುಗಿದಿತ್ತು. ಆದರೂ ಚೈತನ್ಯ ಇನ್ನೆರಡು ಹೊಡೆದ.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯ ಪಕ್ಕ, ಹಿಪ್ಪುನೇರಳೆ ತೋಟಗಳ ನಡುವೆ ಇದ್ದ ಆ ಪ್ರಯೋಗಾಲಯದಲ್ಲಿ ಸಂಜೆಯ ಹೊತ್ತು ಬೇರೆ ಯಾರೂ ಇರುತ್ತಿರಲಿಲ್ಲ. ಕಾವಲಿನ ಉಸ್ಮಾನ್ ಸಾಬ್ ನಮಾಜಿಗೆ ಹೋಗಿದ್ದರು. ಚೈತನ್ಯ ಹಿಂಬಾಗಿಲಿನಿಂದ ತೋಟಕ್ಕಿಳಿದು, ಬದುವಿನಾಚೆ ನಿಲ್ಲಿಸಿದ್ದ ಬೈಕ್ ಹತ್ತಿ ಚಿಂತಾಮಣಿಯ ತನ್ನ ಬಾಡಿಗೆ ಮನೆ ಸೇರಿದ.

ಕೊಲ್ಲಲೆಂದು ಹೋದವನಲ್ಲ. ಜಗಳವಾಡಲು ಹೋದವನು. ಆದರೆ ಮಧ್ಯಾಹ್ನದಿಂದ ಅವನ ಹೊಟ್ಟೆ ಉರಿಯುತ್ತಿತ್ತು, ಉರಿಯದೆ ಇನ್ನೇನು. ವರ್ಷಗಟ್ಟಲೆ ಕೂತು ರೇಷ್ಮೆ ಹುಳುವಿನ ಮೊಟ್ಟೆಗೆ ಆ ಹೊಳೆಯುವ ಗುಣ ಸೇರಿಸಿದವನು ಅವನು. ನೀಲಿ ಬೆಳಕು ಬಿದ್ದರೆ ಹಸಿರಾಗಿ ಹೊಳೆಯುವ ರೇಷ್ಮೆ. ಅದರ ಎಳೆಯಿಂದ ಕಣ್ಣಿನ ಗಾಯಕ್ಕೆ ಹೊಲಿಗೆ ಹಾಕಿದರೆ, ಎಲ್ಲಿ ಕೂಡಿದೆ, ಎಲ್ಲಿ ಬಿಟ್ಟಿದೆ ಎಂದು ಡಾಕ್ಟರು ದೀಪ ಹಿಡಿದು ನೋಡಿ ಹೇಳಬಹುದು. ಮೊದಲ ಬೆಳೆ ಅವತ್ತು ತಾನೇ ಕೈಗೆ ಬಂದಿತ್ತು. ಪ್ರಯೋಗಾಲಯದ ಮುಖ್ಯಸ್ಥ ಭಾನುಪ್ರಕಾಶ್ ಗೂಡಿಗೆ ಅರಿಶಿನ ಕುಂಕುಮ ಇಟ್ಟು, ಕೈಗವಸು ಬಿಚ್ಚಿಸಿ, ದುಡಿದವರೆಲ್ಲರ ಬೊಗಸೆಗೆ ಒಂದೊಂದು ಹಿಡಿ ಹಾಕಿ, ಎಳೆ ಬಿಡಿಸಲು ಹೇಳಿದ. ಹುಳು ಮೇಯಿಸುವ ಗಂಗುಲಮ್ಮನಿಗೆ ಒಂದು ಹಿಡಿ. ನೀಲಿ ದೀಪ, ಲೆನ್ಸು ನೋಡಿಕೊಳ್ಳುವ ಬುಷ್ರಾಗೆ ಒಂದು ಹಿಡಿ. ಗೇಟು ಕಾಯುವ ಉಸ್ಮಾನ್ ಸಾಬರಿಗೂ ಒಂದು ಹಿಡಿ. ಸಾಲಿನ ಕೊನೆಯಲ್ಲಿ ನಿಂತ ಚೈತನ್ಯನಿಗೂ ಅಷ್ಟೇ.

"ಲೇಖನದಲ್ಲಿ ಬುಷ್ರಾ ಹೆಸರು ಮೊದಲು ಹಾಕ್ತೀನಪ್ಪ," ಎಂದು ಆತ ಆಮೇಲೆ ಬದಿಗೆ ಕರೆದು ಹೇಳಿದ್ದ. "ನಿಂದು ನಂತರ ಬರ್ಲಿ. ಬೇಜಾರ್ ಮಾಡ್ಕೋಬೇಡ."

ಮನೆಯ ಬಾಗಿಲು ಹಾಕಿ ಚೈತನ್ಯ ನೀಲಿ ಟಾರ್ಚ್ ಹಚ್ಚಿ ಕನ್ನಡಿ ನೋಡಿದ. ಕತ್ತಿನ ಮೇಲೆ ಐದು ಬೆರಳೂ ಹಸಿರಾಗಿ ಮೂಡಿದ್ದವು. ಗಲ್ಲದ ಕೆಳಗೆ ಹೆಬ್ಬೆರಳಿನ ಅಚ್ಚು. ಎದೆ, ತೋಳುಗಳ ಮೇಲೂ ಅಲ್ಲಲ್ಲಿ ಹೊಳಪು. ಸತ್ತವನು ಇನ್ನೂ ಹಿಡಿತ ಬಿಟ್ಟಿರಲಿಲ್ಲ.

ಓದಿದವನು, ಗಾಬರಿಯಲ್ಲೂ ಬುದ್ಧಿ ಓಡಿಸಿದ. ಗೂಡಿನ ಆ ಹೊಳೆಯುವ ಅಂಟು ಸೋಪಿಗೆ ಜಗ್ಗುವುದಿಲ್ಲ, ಕುದಿನೀರಿಗೆ ಬಟ್ಟೆ ಒಗೆಯುವ ಸೋಡಾ ಹಾಕಿದರೆ ಮಾತ್ರ ಬಿಡುತ್ತದೆ. ಬಕೆಟ್ಟಿನ ತುಂಬ ಸೋಡಾ ನೀರು ಕಾಯಿಸಿಕೊಂಡು ತೆಂಗಿನ ನಾರಿನಿಂದ ತಿಕ್ಕಿದ. ಕತ್ತು ತಿಕ್ಕಿದ, ಎದೆ ತಿಕ್ಕಿದ, ಸಂದುಗೊಂದು ಬಿಡದೆ ಮೈಯೆಲ್ಲ ತಿಕ್ಕಿದ. ಚರ್ಮ ಸುಲಿದು ರಕ್ತ ಜಿನುಗಿತು, ಹಲ್ಲು ಕಚ್ಚಿ ಮತ್ತೆ ತಿಕ್ಕಿದ. ಬಟ್ಟೆ ಸುಟ್ಟು ಬೂದಿಯನ್ನು ಮೋರಿಗೆ ಸುರಿದ. ಕೊನೆಗೆ ಟಾರ್ಚ್ ಹಿಡಿದರೆ ನೆತ್ತಿಯಿಂದ ಅಂಗಾಲಿನವರೆಗೆ ಒಂದು ಚುಕ್ಕೆಯೂ ಹೊಳೆಯಲಿಲ್ಲ. ಆಮೇಲೆ ಚೆನ್ನಾಗಿಯೇ ನಿದ್ದೆ ಮಾಡಿದ.

ಬೆಳಿಗ್ಗೆ ಎಲ್ಲರನ್ನೂ ಪ್ರಯೋಗಾಲಯಕ್ಕೆ ಕರೆಸಿದ್ದರು. ಹೆಣ ಸಾಗಿಸಿ ಆಗಿತ್ತು, ನೆಲದ ರಕ್ತ ಹಾಗೇ ಇತ್ತು. ಹೆಣ ಮೊದಲು ಕಂಡಿದ್ದ ಉಸ್ಮಾನ್ ಸಾಬ್ ಗೋಡೆಗೆ ಒರಗಿ ಕೂತಿದ್ದರು. ಗಂಗುಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಎಸ್‌ಐ ಸಂಘಮಿತ್ರ ಮೆಲುದನಿಯ ಹೆಂಗಸು. ಇಂಥವರನ್ನು ನಿಭಾಯಿಸುವುದು ಸುಲಭ ಎಂದುಕೊಂಡ ಚೈತನ್ಯ.

"ಕತ್ತೇನ್ರೀ ಅಷ್ಟು ಕೆಂಪಗಿದೆ?"

"ಸೆಕೆ ಮೇಡಂ. ಬೆವರುಸಾಲೆ."

"ನಿಮಗೂ ಅವರಿಗೂ ಏನಾದ್ರೂ ಮನಸ್ತಾಪ?"

"ಅಯ್ಯೋ, ಎಲ್ಲಾದ್ರೂ ಉಂಟೇ. ನಿನ್ನೆ ಮಧ್ಯಾಹ್ನ ಎಲ್ರಿಗೂ ಹಾಕ್ದಂಗೆ ನನ್ನ ಬೊಗಸೆಗೂ ಅವರ ಕೈಯಾರೆ ಮೊದಲ ಬೆಳೆ ಗೂಡು ಹಾಕಿದ್ರು. ಮಗನ ಥರ ನೋಡ್ಕೊಂಡೋರು."

"ಹೌದು ಮೇಡಂ," ಎಂದಳು ಬುಷ್ರಾ ಕಣ್ಣೊರೆಸಿಕೊಂಡು. "ಇವರೂ ನನ್ನ ಪಕ್ಕದಲ್ಲೇ ನಿಂತ್ಕೊಂಡು ಎಳೆ ಬಿಡಿಸ್ತಿದ್ರು. ನಾನೇ ನೋಡಿದೀನಿ."

ಚೈತನ್ಯನಿಗೆ ಅವಳ ಮೇಲೆ ಮೊದಲ ಬಾರಿಗೆ ಪ್ರೀತಿ ಬಂತು. ಧೈರ್ಯವೂ ಬಂತು. ತನ್ನ ಮೇಲಿನ ಅನುಮಾನವನ್ನು ಬುಡಸಮೇತ ಕಿತ್ತುಹಾಕುವ ದಾರಿ ತನ್ನ ಕೈಯಲ್ಲೇ ಇದೆ ಎಂದು ಹೊಳೆದು ಮುಂದೆ ಬಂದ.

"ಮೇಡಂ, ಒಂದು ಮಾತು. ತಟ್ಟೆ ಮಗುಚಿದೆ, ಅಂದ್ರೆ ಸಾರ್ ಕೈಯೆಲ್ಲ ಆ ಅಂಟು. ಕೊಂದವನನ್ನ ಹಿಡ್ಕೊಳ್ದೆ ಇರ್ತಾರಾ? ಇದು ಎಷ್ಟು ಸೋಪು ಹಾಕಿದ್ರೂ ಎರಡು ದಿನ ಹೋಗಲ್ಲ. ಕತ್ತಲೆ ಕೋಣೇಲಿ ನೀಲಿ ದೀಪ ಬಿಟ್ಟು ನೋಡಿ, ಗೊತ್ತಾಗೋಗುತ್ತೆ."

ಸಂಘಮಿತ್ರ ಅವನ ಮುಖವನ್ನೇ ನೋಡಿದರು. "ಎರಡು ದಿನ ಹೋಗಲ್ವಾ?"

"ಸಾಧ್ಯವೇ ಇಲ್ಲ. ಬೇಕಾದ್ರೆ ಇವರನ್ನ ಕೇಳಿ."

ಬುಷ್ರಾ ತಲೆಯಾಡಿಸಿದಳು. ಗಂಗುಲಮ್ಮನೂ ತಲೆಯಾಡಿಸಿದಳು.

ಲೆನ್ಸಿನ ಕೋಣೆಯ ಬಾಗಿಲು ಹಾಕಿದರು. ಬುಷ್ರಾ ದೀಪ ಹಚ್ಚಿ ಎಸ್‌ಐ ಕೈಗೆ ಕೊಟ್ಟು ಸಾಲಿಗೆ ಬಂದು ನಿಂತಳು. ನೀಲಿ ಬೆಳಕು ಉಸ್ಮಾನ್ ಸಾಬರ ಮುಖ, ಕತ್ತಿನ ಮೇಲೆ ಹರಿಯಿತು, ಏನೂ ಇಲ್ಲ. ಗಂಗುಲಮ್ಮನ ಕತ್ತಿನ ಮೇಲೂ ಏನೂ ಇಲ್ಲ, ಬುಷ್ರಾಳ ಕತ್ತಿನ ಮೇಲೂ ಇಲ್ಲ. ಚೈತನ್ಯ ತಾನಾಗಿಯೇ ಕಾಲರ್ ಬಿಚ್ಚಿ ಗಲ್ಲ ಎತ್ತಿದ. ಬೆಳಕು ಅಲ್ಲೇ ತುಸು ಹೊತ್ತು ನಿಂತಿತು. ಸುಲಿದ ಚರ್ಮ ಚುರುಗುಟ್ಟುತ್ತಿತ್ತು. ಹೊಳಪು ಮಾತ್ರ ಒಂದಿಷ್ಟೂ ಇರಲಿಲ್ಲ.

ಗೆದ್ದೆ ಎಂದುಕೊಂಡ.

"ಸರಿ," ಎಂದರು ಸಂಘಮಿತ್ರ ಅದೇ ಮೆಲುದನಿಯಲ್ಲಿ. "ಈಗ ಎಲ್ರೂ ನಿನ್ನೆ ಗೂಡು ಹಾಕಿಸ್ಕೊಂಡ ಹಾಗೇ ಬೊಗಸೆ ಒಡ್ಡಿ."

ಕತ್ತಲಲ್ಲಿ ಮೂರು ಬೊಗಸೆಗಳು ಹಸಿರಾಗಿ ಹೊಳೆದವು, ನಾಲ್ಕನೆಯದು ಹೊಳೆಯಲಿಲ್ಲ.